ಮೀಟರ್ ಯಾರ ಹೆಸರಿನಲ್ಲಿದೆ?

(ಕಲಬುರಗಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಗೃಹಜ್ಯೋತಿ ಯೋಜನೆಗೆ ಅಧಿಕೃತ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 5ರಂದು, ಇದೇ ಕಲಬುರಗಿಯಲ್ಲಿ. ಅಂದು ನಿಮ್ಮಲ್ಲಿ ಕೆಲವರು ಆ ಮೈದಾನದಲ್ಲಿ ಇದ್ದಿರಲೂಬಹುದು. ತಿಂಗಳಿಗೆ 200 ಯೂನಿಟ್ ಒಳಗಿನ ಬಳಕೆಗೆ ಬಿಲ್ ಸೊನ್ನೆ ಎಂಬ ಮಾತು ಈ ಭಾಗದ ಮನೆಗಳಿಗೆ ತಂದ ನಿರಾಳ ಸಣ್ಣದಲ್ಲ. ಕೂಲಿಯವರ ಮನೆಯಲ್ಲಿ ತಿಂಗಳಿಗೆ ನಾಲ್ಕು ನೂರು ರೂಪಾಯಿ ಉಳಿದರೆ ಅದು ಔಷಧಿಯಾಗುತ್ತದೆ, ಮಗುವಿನ ಶಾಲೆಯ ಚೀಲವಾಗುತ್ತದೆ. ಆ ಯೋಜನೆಯನ್ನು ಜರಿಯುವುದಕ್ಕಾಗಿ ನಾನು ಇಲ್ಲಿ ನಿಂತಿಲ್ಲ. ಆದರೂ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಬಡವರಿಗಾಗಿಯೇ ಮಾಡಿದ ಒಂದು ಒಳ್ಳೆಯ ಯೋಜನೆ ಎಲ್ಲಿ ಬಡವರ ಕೈ ತಪ್ಪುತ್ತದೆ ಎಂಬುದನ್ನು ನೋಡಿದರೆ, ವಿದ್ಯುತ್ ಮತ್ತು ನೀರಿನ ಖಾಸಗೀಕರಣ, ನಿಯಂತ್ರಣದ ಇಡೀ ಚರ್ಚೆ ಅರ್ಥವಾಗುತ್ತದೆ.

ಈ ನಗರದ ಯಾವುದೇ ಹಳೆಯ ಬಡಾವಣೆಯ ಒಂದು ವಠಾರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಾಲೀಕರ ಹೆಸರಿನಲ್ಲಿ ಒಂದೇ ಮೀಟರ್, ಒಂದೇ ಆರ್‌ಆರ್ ನಂಬರ್. ಒಳಗೆ ಮೂರು ಬಾಡಿಗೆ ಸಂಸಾರಗಳು. ಒಂದೊಂದು ಮನೆಯಲ್ಲಿ ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ, ಬೇಸಿಗೆಯಲ್ಲಿ ಒಂದು ಕೂಲರ್. ನಮ್ಮ ಊರಿನ ಮೇ ತಿಂಗಳಲ್ಲಿ ಕೂಲರ್ ಶೋಕಿಯ ವಸ್ತುವಲ್ಲ, ಅದು ನಿಮಗೆಲ್ಲ ಗೊತ್ತು. ಒಂದು ಮನೆಗೆ 80 ಯೂನಿಟ್ ಎಂದರೂ ಮೂರು ಮನೆ ಸೇರಿ 240 ಯೂನಿಟ್. ಮೀಟರಿನ ಲೆಕ್ಕದಲ್ಲಿ ಇದು 200 ದಾಟಿದ ಮನೆ, ಆದ್ದರಿಂದ ಪೂರ್ತಿ ಬಿಲ್. 2025-26ರ ದರದಂತೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅಂದರೆ 1,392 ರೂಪಾಯಿ. ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ. ಎರಡು ಕಿಲೋವ್ಯಾಟ್‌ಗೆ 290. ಒಟ್ಟು 1,682. ತೆರಿಗೆ ಮತ್ತು ಇತರ ಹೆಚ್ಚುವರಿ ಶುಲ್ಕ ಇದರ ಮೇಲೆ. ತಲಾ ಒಂದು ಸಂಸಾರಕ್ಕೆ 560 ರೂಪಾಯಿ ದಾಟಿತು. ಇವೇ ಮೂರು ಸಂಸಾರಗಳಿಗೆ ಬೇರೆ ಬೇರೆ ಮೀಟರ್ ಇದ್ದಿದ್ದರೆ ಮೂವರ ಬಿಲ್ಲೂ ಸೊನ್ನೆಯಾಗುವ ಸಾಧ್ಯತೆ ಇತ್ತು. ಪಕ್ಕದ ಬೀದಿಯಲ್ಲಿ ಸ್ವಂತ ಮನೆ, ಸ್ವಂತ ಮೀಟರ್ ಇರುವ ನೌಕರರೊಬ್ಬರು ತಿಂಗಳಿಗೆ 150 ಯೂನಿಟ್ ಬಳಸುತ್ತಾರೆ ಎನ್ನಿ. ಅವರಿಗೆ ಬಿಲ್ ಇಲ್ಲ.

ಇನ್ನೊಂದು ಉದಾಹರಣೆ ಯಾದಗಿರಿ ಕಡೆಯದು. ಅಲ್ಲಿನ ತಾಂಡಾಗಳಿಂದ, ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಸಂಸಾರ ಸಮೇತ ಬೆಂಗಳೂರು, ಪುಣೆ, ಮುಂಬೈ ಕಡೆಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಸಿಗುವ ಉಚಿತ ಯೂನಿಟ್ ಎಷ್ಟು ಎಂಬುದನ್ನು ಆ ಮನೆಯ 2022-23ನೇ ಸಾಲಿನ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ನಿಗದಿ ಮಾಡಿದರು. ವರ್ಷದಲ್ಲಿ ಅರ್ಧ ಕಾಲ ಬೀಗ ಬಿದ್ದಿದ್ದ ಮನೆಯ ಸರಾಸರಿ ಎಷ್ಟು ಬಂದೀತು? 20 ಯೂನಿಟ್ ಸರಾಸರಿ ಇದ್ದ ಮನೆಗೆ ಶೇ 10 ಎಂದರೆ ಎರಡು ಯೂನಿಟ್ ಹೆಚ್ಚು. 150 ಯೂನಿಟ್ ಬಳಸುತ್ತಿದ್ದವರಿಗೆ ಹದಿನೈದು ಹೆಚ್ಚು. ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೆ ಕಡಿಮೆ ಸಿಕ್ಕಿತು. ಇದು ಸರ್ಕಾರದ ಗಮನಕ್ಕೂ ಬಂದು, 2024ರ ಆರಂಭದಲ್ಲಿ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಕೊಡುವ ತೀರ್ಮಾನವಾಯಿತು. ಸರಿಯಾದ ತೀರ್ಮಾನ. ಆದರೆ ಮೊದಲ ದಿನವೇ ಆ ಲೆಕ್ಕ ಹಾಕುವಾಗ ಗುಳೆ ಹೋಗುವ ಮನೆಯ ಒಬ್ಬರಾದರೂ ಆ ಮೇಜಿನ ಬಳಿ ಕುಳಿತಿದ್ದರೆ ಅದು ಆಗಲೇ ಹೊಳೆಯುತ್ತಿತ್ತು.

ಇದೆಲ್ಲ ನಡೆದಿರುವುದು ಸರ್ಕಾರಿ ಕಂಪನಿಯ ಜಾಲದಲ್ಲಿ, ಸರ್ಕಾರದ ಯೋಜನೆಯಲ್ಲಿ. ಇಲ್ಲಿ ಖಾಸಗಿ ಕಂಪನಿಯ ಲಾಭಕೋರತನದ ಮಾತೇ ಇಲ್ಲ. ಹಾಗಿದ್ದರೆ ಒಡೆತನ ಯಾರದಾದರೂ ಒಂದೇ ಎನ್ನಲು ಹೊರಟಿದ್ದೇನೆಯೇ? ಇಲ್ಲ. ಒಡೆತನದಿಂದ ವ್ಯತ್ಯಾಸವಾಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಬಡ ಗ್ರಾಹಕನ ಬದುಕನ್ನು ದಿನದಿನವೂ ಮುಟ್ಟುವುದು ಮೂರು ವಿಷಯ: ಸಂಪರ್ಕ ಯಾರಿಗೆ ಸಿಗುತ್ತದೆ, ಬಿಲ್ಲನ್ನು ಯಾವ ರೀತಿ ಲೆಕ್ಕ ಹಾಕುತ್ತಾರೆ, ಹಣ ಕಟ್ಟದಿದ್ದಾಗ ಏನು ಮಾಡುತ್ತಾರೆ. ಈ ಮೂರನ್ನೂ ತೀರ್ಮಾನಿಸುವ ಕೋಣೆಯಲ್ಲಿ ಬಡವನ ಪರವಾಗಿ ಮಾತನಾಡುವವರು ಇರಬೇಕು. ಇಂದು ಅವರು ಅಲ್ಲಿಲ್ಲ. ಈ ಸಂಜೆ ನಾನು ಹೇಳಬೇಕೆಂದಿರುವುದು ಇದನ್ನೇ.

ಈಗ ಸ್ವಲ್ಪ ಇತಿಹಾಸ. ಹಿರಿಯರಿಗೆ ಇಂದಿಗೂ ವಿದ್ಯುತ್ ಕಂಪನಿ ಎಂದರೆ ಕೆಇಬಿಯೇ. 1999ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯನ್ನು ಕಂಪನಿಯಾಗಿ ಮಾಡಿ ಕೆಪಿಟಿಸಿಎಲ್ ಎಂದು ಕರೆದರು. ಅದೇ ವರ್ಷ ವಿದ್ಯುತ್ ಸುಧಾರಣೆ ಕಾಯ್ದೆಯ ಪ್ರಕಾರ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ ಬಂತು. 2002ರಲ್ಲಿ ಹಂಚಿಕೆಯನ್ನು ಪ್ರಾದೇಶಿಕ ಕಂಪನಿಗಳಾಗಿ ಒಡೆದರು. ನಮ್ಮ ಪಾಲಿಗೆ ಜೆಸ್ಕಾಂ ಬಂತು, ಅದರ ಪ್ರಧಾನ ಕಚೇರಿ ನಮ್ಮ ಊರಿನಲ್ಲೇ ಇದೆ. ಹಂಚಿಕೆಯನ್ನು ಮುಂದೆ ಖಾಸಗಿಯವರಿಗೆ ಕೊಡುವ ಆಲೋಚನೆ ಆಗ ಗಂಭೀರವಾಗಿಯೇ ಇತ್ತು. ಕರ್ನಾಟಕ ಆ ಹೆಜ್ಜೆ ಇಡಲಿಲ್ಲ. ಒಡಿಶಾ ಇಟ್ಟಿತು, ದೆಹಲಿ ಇಟ್ಟಿತು.

ಒಡಿಶಾ 1999ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ಹಂಚಿಕೆಯನ್ನು ಖಾಸಗಿಗೆ ಒಪ್ಪಿಸಿದ ರಾಜ್ಯ. ಅದೇ ಅಕ್ಟೋಬರ್‌ನಲ್ಲಿ ಮಹಾ ಚಂಡಮಾರುತ ಬಡಿಯಿತು. ಕಂಬ, ತಂತಿ ಎಲ್ಲ ನೆಲಕಚ್ಚಿದವು. ಕರಾವಳಿಯನ್ನೂ ಒಳಗೊಂಡ ಮಧ್ಯ ವಲಯವನ್ನು ವಹಿಸಿಕೊಂಡಿದ್ದ ಅಮೆರಿಕದ ಎಇಎಸ್ ಕಂಪನಿ 2001ರಲ್ಲಿ ಕೈ ತೊಳೆದುಕೊಂಡು ಹೋಯಿತು. ಉಳಿದ ಮೂರು ವಲಯಗಳ ಕಂಪನಿಗಳ ಪರವಾನಗಿಯನ್ನು 2015ರಲ್ಲಿ ಅಲ್ಲಿನ ಆಯೋಗವೇ ರದ್ದು ಮಾಡಿತು. ಆಮೇಲೆ 2020-21ರಲ್ಲಿ ನಾಲ್ಕೂ ವಲಯಗಳು ಟಾಟಾ ಪವರ್ ಕೈಗೆ ಹೋದವು. ಇಪ್ಪತ್ತು ವರ್ಷದಲ್ಲಿ ಒಂದು ರಾಜ್ಯ ಖಾಸಗಿ, ಸರ್ಕಾರಿ, ಮತ್ತೆ ಖಾಸಗಿ ಎಂದು ಸುತ್ತಿ ಬಂತು. ಲಾಭ ಬಾರದ ದಿನ ಕಂಪನಿಗೆ ಹೊರಟುಹೋಗುವ ಆಯ್ಕೆ ಇದೆ, ಗ್ರಾಹಕನಿಗೆ ಇಲ್ಲ.

ದೆಹಲಿಯ ಕಥೆ ಬೇರೆ. 2002ರ ಜುಲೈನಲ್ಲಿ ಖಾಸಗಿಯಾದಾಗ ಅಲ್ಲಿ ಕಳ್ಳತನ, ಸೋರಿಕೆ ಎಲ್ಲ ಸೇರಿ ಅರ್ಧದಷ್ಟು ವಿದ್ಯುತ್ತಿಗೆ ದುಡ್ಡೇ ಬರುತ್ತಿರಲಿಲ್ಲ. ಇಂದು ಆ ನಷ್ಟ ಶೇ 10ಕ್ಕಿಂತ ಕೆಳಗಿದೆ. ಇದನ್ನು ಒಪ್ಪಿಕೊಳ್ಳದೆ ಮಾತನಾಡುವುದು ಪ್ರಾಮಾಣಿಕತೆಯಲ್ಲ. ಆದರೆ ಅದೇ ದೆಹಲಿಯಲ್ಲಿ ಬಡವರ ಬಿಲ್ ಕಡಿಮೆಯಾದದ್ದು ಕಂಪನಿಯ ದಕ್ಷತೆಯಿಂದಲ್ಲ. 2019ರಿಂದ 200 ಯೂನಿಟ್‌ವರೆಗಿನ ಬಿಲ್ಲನ್ನು ಸರ್ಕಾರ ತನ್ನ ಬೊಕ್ಕಸದಿಂದ ಕಟ್ಟುತ್ತಿರುವುದರಿಂದ. ಕಂಪನಿ ಸೋರಿಕೆ ನಿಲ್ಲಿಸಿತು, ಬಡವನ ಬಿಲ್ಲನ್ನು ಸರ್ಕಾರ ಹೊತ್ತಿತು. ಎರಡೂ ಒಂದೇ ಸಾಧನೆ ಎಂಬಂತೆ ಪ್ರಚಾರವಾಗುತ್ತದೆ. ಅವು ಎರಡು ಬೇರೆ ಕೆಲಸಗಳು.

ಇಲ್ಲಿ ಒಂದು ಅಡ್ಡ ಮಾತು. ಬೀದರ್‌ಗೆ ಹೋದವರು ನೌಬಾದಿನ ಸುರಂಗ ಬಾವಿಯನ್ನು ನೋಡಿರುತ್ತೀರಿ. ಬಹಮನಿ ಸುಲ್ತಾನರ ಕಾಲದ್ದು. ಜಂಬಿಟ್ಟಿಗೆಯ ನೆಲದ ಅಡಿಯಲ್ಲಿ ಕೊರೆದ ಕಾಲುವೆ, ಅಲ್ಲಲ್ಲಿ ಬೆಳಕಿಗೂ ಗಾಳಿಗೂ ತೆರೆದ ಬಾವಿಗಳು, ಇಳಿಜಾರಿನಲ್ಲಿ ತಾನಾಗಿ ಹರಿದು ಬರುವ ನೀರು. ನಾನು ಅದನ್ನು ನೆನೆಯುವುದು ಅದರ ಸೊಬಗಿಗಾಗಿ ಮಾತ್ರವಲ್ಲ. ಅಂತಹ ಇನ್ನೊಂದು ಸುರಂಗವನ್ನು ಪಕ್ಕದಲ್ಲೇ ತೋಡಿ, ಇಬ್ಬರೂ ಪೈಪೋಟಿ ಮಾಡಿ ಕಡಿಮೆ ದರಕ್ಕೆ ನೀರು ಕೊಡಲಿ ಎಂದು ಯಾರಾದರೂ ಹೇಳುತ್ತಾರೆಯೇ? ವಿದ್ಯುತ್ ತಂತಿ, ನೀರಿನ ಕೊಳವೆ, ಒಳಚರಂಡಿ ಎಲ್ಲವೂ ಹೀಗೆಯೇ. ಒಂದು ಬೀದಿಗೆ ಒಂದೇ ಜಾಲ. ಮೊಬೈಲ್ ಸಿಮ್ ಬದಲಿಸಿದಂತೆ ನಳದ ಕಂಪನಿಯನ್ನು ಬದಲಿಸಲು ಆಗುವುದಿಲ್ಲ. ಮಾರುಕಟ್ಟೆಯ ಪೈಪೋಟಿ ಇಲ್ಲದ ಕಡೆ ದರವನ್ನು ಯಾರಾದರೂ ಹಿಡಿದು ನಿಲ್ಲಿಸಬೇಕು. ಅದಕ್ಕಾಗಿಯೇ ನಿಯಂತ್ರಣ ಆಯೋಗ ಇರುವುದು.

ಆಯೋಗ ಹೇಗೆ ಕೆಲಸ ಮಾಡುತ್ತದೆ? ಕಂಪನಿ ತನ್ನ ಖರ್ಚುಗಳ ಪಟ್ಟಿ ಕೊಡುತ್ತದೆ: ವಿದ್ಯುತ್ ಖರೀದಿ, ಸಂಬಳ, ಪಿಂಚಣಿ, ದುರಸ್ತಿ, ಸಾಲದ ಬಡ್ಡಿ, ಹಾಕಿದ ಬಂಡವಾಳಕ್ಕೆ ಪ್ರತಿಫಲ. ಆಯೋಗ ಒಂದೊಂದನ್ನೂ ಪರಿಶೀಲಿಸಿ, ಒಪ್ಪಿದ ಖರ್ಚನ್ನು ಗ್ರಾಹಕರ ಮೇಲೆ ಹಂಚುತ್ತದೆ. ಹಂಚುವ ರೀತಿಯಲ್ಲಿಯೇ ಎಲ್ಲವೂ ಅಡಗಿದೆ. ಮೊದಲಿನಿಂದಲೂ ನಮ್ಮಲ್ಲಿ ಕೈಗಾರಿಕೆ, ಅಂಗಡಿ, ದೊಡ್ಡ ಬಳಕೆದಾರರು ಸ್ವಲ್ಪ ಹೆಚ್ಚು ಕೊಟ್ಟು, ಸಣ್ಣ ಬಳಕೆದಾರರು ಕಡಿಮೆ ಕೊಡುವ ಪದ್ಧತಿ ಇತ್ತು. 2003ರ ವಿದ್ಯುಚ್ಛಕ್ತಿ ಕಾಯ್ದೆ ಈ ಅಡ್ಡ ಸಹಾಯಧನವನ್ನು ಕಡಿಮೆ ಮಾಡುತ್ತಾ ಹೋಗಿ ಕೊನೆಗೆ ಇಲ್ಲವಾಗಿಸಬೇಕು ಎಂದಿತು. 2007ರ ತಿದ್ದುಪಡಿಯಲ್ಲಿ ಇಲ್ಲವಾಗಿಸುವ ಮಾತನ್ನು ತೆಗೆದರು, ಕಡಿಮೆ ಮಾಡುವ ಮಾತು ಉಳಿಯಿತು. ಬಡವರಿಗೆ ನೆರವು ಬೇಕಿದ್ದರೆ ರಾಜ್ಯ ಸರ್ಕಾರ ತನ್ನ ಬಜೆಟ್ಟಿನಿಂದ, ಅದೂ ಮುಂಗಡವಾಗಿ, ಕೊಡಬೇಕು ಎಂದು ಅದೇ ಕಾಯ್ದೆಯ 65ನೇ ಕಲಂ ಹೇಳುತ್ತದೆ.

ಕಾಗದದ ಮೇಲೆ ಇದು ಚೊಕ್ಕವಾಗಿ ಕಾಣುತ್ತದೆ. ಬಿಲ್ಲಿನ ಮೇಲೆ ಏನಾಯಿತು ನೋಡೋಣ. 2023-24ರಲ್ಲಿ ಗೃಹಬಳಕೆಗೆ ಎರಡು ಹಂತಗಳಿದ್ದವು. 100 ಯೂನಿಟ್‌ವರೆಗೆ ಯೂನಿಟ್‌ಗೆ 4 ರೂಪಾಯಿ 75 ಪೈಸೆ; 100 ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. 2024ರ ಏಪ್ರಿಲ್‌ನಿಂದ ಹಂತಗಳನ್ನೇ ತೆಗೆದು ಎಲ್ಲರಿಗೂ 5 ರೂಪಾಯಿ 90 ಪೈಸೆ ಎಂದು ಮಾಡಲಾಯಿತು. 60 ಯೂನಿಟ್ ಬಳಸುವ ಮನೆಯ ವಿದ್ಯುತ್ ಶುಲ್ಕ 285 ರೂಪಾಯಿಯಿಂದ 354ಕ್ಕೆ ಏರಿತು. 300 ಯೂನಿಟ್ ಬಳಸುವ ಮನೆಯದು 2,100 ರೂಪಾಯಿಯಿಂದ 1,770ಕ್ಕೆ ಇಳಿಯಿತು. ಸಣ್ಣ ಬಳಕೆದಾರನಿಗೆ ದರ ಏರಿಕೆ, ದೊಡ್ಡ ಬಳಕೆದಾರನಿಗೆ ಇಳಿಕೆ. ಬೀದಿಯಲ್ಲಿ ಯಾರೂ ಕೂಗಲಿಲ್ಲ. ಕಾರಣ ಸರಳ: ಸಣ್ಣ ಬಳಕೆದಾರರ ಬಿಲ್ಲನ್ನು ಗೃಹಜ್ಯೋತಿಯ ಹೆಸರಿನಲ್ಲಿ ಸರ್ಕಾರ ಕಟ್ಟುತ್ತಿದೆ, ಏರಿಕೆ ಅವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಯೋಜನೆಯ ಹೊರಗೆ ಉಳಿದ ವಠಾರದ ಮನೆಗಳಿಗೆ, ಕಾಗದಪತ್ರ ಸರಿಯಿಲ್ಲದೆ ನೋಂದಣಿ ಆಗದವರಿಗೆ ಕಡಿಮೆ ದರದ ಮೊದಲ ಮೆಟ್ಟಿಲು ಹೋಯಿತು. ನನ್ನನ್ನು ನಿಜವಾಗಿ ಕಾಡುವುದು ಇದರ ಮುಂದಿನ ಮಾತು. ಉಚಿತ ಯೋಜನೆಯನ್ನು ಒಂದು ಸರ್ಕಾರ ತರುತ್ತದೆ, ಇನ್ನೊಂದು ಸರ್ಕಾರ ತೆಗೆಯಬಹುದು. ತೆಗೆದ ದಿನ ಆ ಹಳೆಯ ಮೆಟ್ಟಿಲು ತಾನಾಗಿ ಮರಳಿ ಬರುವುದಿಲ್ಲ. ದರಪಟ್ಟಿಯಲ್ಲಿ ಬಡವನಿಗೆ ಇದ್ದ ಜಾಗ ಹೋಗಿ, ಬಜೆಟ್ಟಿನಲ್ಲಿ ಅವನಿಗೊಂದು ಜಾಗ ಸಿಕ್ಕಿದೆ. ಬಜೆಟ್ ವರ್ಷ ವರ್ಷ ಬದಲಾಗುತ್ತದೆ.

ನಿಗದಿತ ಶುಲ್ಕದ ಬಗ್ಗೆಯೂ ಒಂದು ಮಾತು. 2025ರಲ್ಲಿ ಯೂನಿಟ್ ದರವನ್ನು ಹತ್ತು ಪೈಸೆ ಇಳಿಸಿ, ನಿಗದಿತ ಶುಲ್ಕವನ್ನು ಕಿಲೋವ್ಯಾಟ್‌ಗೆ 120 ರೂಪಾಯಿಯಿಂದ 145ಕ್ಕೆ ಏರಿಸಿದರು. ಯೂನಿಟ್ ದರ ಇಳಿದರೆ ಹೆಚ್ಚು ಬಳಸುವವನಿಗೆ ಲಾಭ. ನಿಗದಿತ ಶುಲ್ಕ ಏರಿದರೆ ಕಡಿಮೆ ಬಳಸುವವನಿಗೆ ಪೆಟ್ಟು. ಒಂದು ಕಿಲೋವ್ಯಾಟ್ ಸಂಪರ್ಕದ ಮನೆ ಆ 25 ರೂಪಾಯಿಯನ್ನು ಹತ್ತು ಪೈಸೆಯ ಇಳಿಕೆಯಿಂದ ತುಂಬಿಕೊಳ್ಳಬೇಕಾದರೆ ತಿಂಗಳಿಗೆ 250 ಯೂನಿಟ್ ಸುಡಬೇಕು. ಬೀಗ ಹಾಕಿದ ಮನೆಗೂ ನಿಗದಿತ ಶುಲ್ಕ ಬೀಳುತ್ತಲೇ ಇರುತ್ತದೆ. ತಂತಿ, ಕಂಬ, ಸಿಬ್ಬಂದಿ ಎಲ್ಲದಕ್ಕೂ ಖರ್ಚಿದೆ, ಅದನ್ನು ಯಾರಾದರೂ ಕೊಡಬೇಕು ಎಂಬ ಕಂಪನಿಯ ವಾದದಲ್ಲಿ ಹುರುಳಿದೆ. ಆದರೆ ಯಾರು ಎಷ್ಟು ಎಂಬುದು ಗಣಿತದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಇನ್ನು ನೀರು. ಈ ವಿಷಯದಲ್ಲಿ ನಮ್ಮ ಕಲಬುರಗಿಗೆ ಅನುಭವವಿದೆ. ಕೇಳಿ ತಿಳಿದದ್ದಲ್ಲ, ಕುಡಿದು ತಿಳಿದದ್ದು. ವಿಶ್ವಬ್ಯಾಂಕ್ ಸಾಲದ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಾಯೋಗಿಕ ಯೋಜನೆ 2005ರಲ್ಲಿ ಆರಂಭವಾಯಿತು. ನಿರ್ವಹಣೆ ಫ್ರಾನ್ಸ್ ಮೂಲದ ವೆಯೋಲಿಯಾ ಕಂಪನಿಯದು. 2008ರ ಹೊತ್ತಿಗೆ ಆ ವಾರ್ಡುಗಳ ನಳಗಳಲ್ಲಿ ಹಗಲೂ ರಾತ್ರಿಯೂ ನೀರು ಬಂತು. ಬೆಣ್ಣೆತೊರಾ ಮತ್ತು ಭೀಮಾ ನದಿಯನ್ನು ನಂಬಿದ ಈ ನಗರದ ಉಳಿದ ಕಡೆ ನೀರಿಗೆ ದಿನಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಅದೊಂದು ದೊಡ್ಡ ಮಾತೇ ಆಗಿತ್ತು.

ಹುಬ್ಬಳ್ಳಿ-ಧಾರವಾಡದಲ್ಲಿ ಇದೇ ಯೋಜನೆಯ ಪರಿಣಾಮವನ್ನು ಸಂಶೋಧಕರು ಮನೆಮನೆಗೆ ಹೋಗಿ ಅಳೆದು 2015ರಲ್ಲಿ ಪ್ರಕಟಿಸಿದರು. ಅವರು ಕಂಡದ್ದನ್ನು ಗಮನವಿಟ್ಟು ಕೇಳಿ. ಐದು ವರ್ಷದೊಳಗಿನ ಮಕ್ಕಳ ಒಟ್ಟಾರೆ ಅತಿಸಾರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಟೈಫಾಯ್ಡ್ ಕಂಡ ಮನೆಗಳು ಕಡಿಮೆ ಇದ್ದವು, ಮತ್ತು ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು. ಕೊಳವೆಯಲ್ಲಿ ಸದಾ ನೀರಿನ ಒತ್ತಡ ಇದ್ದರೆ ಹೊರಗಿನ ಚರಂಡಿ ನೀರು ಒಳಗೆ ನುಸುಳುವುದಿಲ್ಲ. ನೀರು ನಿಂತಾಗಲೇ ಸೀಳುಗಳ ಮೂಲಕ ಕೊಳೆ ಒಳಗೆ ಬರುವುದು. ಮಾಳಿಗೆಯ ಮೇಲೆ ಟ್ಯಾಂಕು, ಅಡುಗೆಮನೆಯಲ್ಲಿ ಶುದ್ಧೀಕರಣ ಯಂತ್ರ ಇರುವವನಿಗೆ ಈ ವ್ಯತ್ಯಾಸ ಅಷ್ಟಾಗಿ ತಾಗುವುದಿಲ್ಲ. ಕೊಡದಲ್ಲಿ ತುಂಬಿ ಹಾಗೆಯೇ ಕುಡಿಯುವವರ ಮನೆಗೆ ಹೆಚ್ಚು ತಾಗುತ್ತದೆ. ಆದ್ದರಿಂದ ಇಪ್ಪತ್ನಾಲ್ಕು ಗಂಟೆ ನೀರು ಸಿರಿವಂತರ ಬಯಕೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ.

ಆದರೆ ಆ ನೀರು ಸೇರುವುದು ಸಂಪರ್ಕ ಇರುವ ಮನೆಗೆ. ಇಂತಹ ಯೋಜನೆಗಳಲ್ಲಿ ಬೀದಿಯ ಸಾರ್ವಜನಿಕ ನಳಗಳನ್ನು ತೆಗೆದು ಮನೆಮನೆಗೆ ಮೀಟರ್ ಸಂಪರ್ಕ ಕೊಡುವುದು ರೂಢಿ. ಮನೆಯೊಳಗೆ ನಳ ಬಂದವರಿಗೆ ಅದು ವರವೇ. ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡ ಇಳಿಯುತ್ತದೆ. ಜಾಗದ ಹಕ್ಕುಪತ್ರ ಇಲ್ಲದ ಗುಡಿಸಲಿನವರ, ಅಘೋಷಿತ ಕೊಳೆಗೇರಿಯವರ ಗತಿ ಏನು? ಬೀದಿ ನಳವೂ ಹೋಯಿತು, ಮನೆ ನಳವೂ ಬರಲಿಲ್ಲ ಎಂದಾದರೆ ಉಳಿಯುವುದು ಟ್ಯಾಂಕರ್ ಇಲ್ಲವೇ ಪಕ್ಕದ ಮನೆಯವರ ದಾಕ್ಷಿಣ್ಯ. ಕಡಿಮೆ ದರ ಎಷ್ಟೇ ಕಡಿಮೆಯಾಗಲಿ, ಕೊಳವೆ ಇಲ್ಲದವನಿಗೆ ಆ ದರದ ಪ್ರಯೋಜನ ಒಂದು ಹನಿಯಷ್ಟೂ ಇಲ್ಲ. ಪ್ರಪಂಚದ ಎಷ್ಟೋ ನಗರಗಳಲ್ಲಿ ಒಂದು ಲೀಟರ್ ನೀರಿಗೆ ಅತಿ ಹೆಚ್ಚು ಬೆಲೆ ಕೊಡುವವರು ಜಾಲದ ಹೊರಗೆ ಉಳಿದ ಬಡವರೇ.

ಇನ್ನೊಂದು ಗಂಭೀರ ಕೊರತೆ. ವಿದ್ಯುತ್ತಿಗೆ ಆಯೋಗವಿದೆ, ಅಹವಾಲು ಹೇಳಿಕೊಳ್ಳಲು ಜಾಗವಿದೆ. ನಗರದ ಕುಡಿಯುವ ನೀರಿನ ದರಕ್ಕೆ ನಮ್ಮ ರಾಜ್ಯದಲ್ಲಿ ಅಂತಹ ಸ್ವತಂತ್ರ ಆಯೋಗವಿಲ್ಲ. ದರ ತೀರ್ಮಾನವಾಗುವುದು ಸರ್ಕಾರದ ಆದೇಶ ಮತ್ತು ಪಾಲಿಕೆಯ ನಡುವೆ. ಕಂಪನಿಯ ಹೊಣೆ ಏನು ಎಂಬುದು ಇರುವುದು ಕರಾರುಪತ್ರದಲ್ಲಿ. ಅಂದರೆ ನೀರಿನ ಮಟ್ಟಿಗೆ ಕರಾರೇ ಕಾನೂನು. ಈಗ ಆ 24 ಗಂಟೆಯ ಯೋಜನೆಯನ್ನು ಇಡೀ ಕಲಬುರಗಿಗೆ ವಿಸ್ತರಿಸುವ ಕೆಲಸ ನಡೆದಿದೆ, ಮತ್ತೆ ವಿಶ್ವಬ್ಯಾಂಕ್ ಸಾಲ, ಮತ್ತೆ ಖಾಸಗಿ ಕಂಪನಿ. ಬೀದಿ ಅಗೆದದ್ದು ನಿಮಗೆಲ್ಲ ಕಂಡಿದೆ. ನಿಮ್ಮಲ್ಲಿ ಎಷ್ಟು ಜನ ಆ ಕರಾರುಪತ್ರವನ್ನು ಓದಿದ್ದೀರಿ? ನಿಮ್ಮ ವಾರ್ಡಿನ ಪಾಲಿಕೆ ಸದಸ್ಯರು ಓದಿದ್ದಾರೆಯೇ? ಹಕ್ಕುಪತ್ರ ಇಲ್ಲದ ಮನೆಗೆ ಸಂಪರ್ಕ ಕೊಡುವ ಹೊಣೆ ಅದರಲ್ಲಿ ಯಾರದು? ಈ ಪ್ರಶ್ನೆಗಳನ್ನು ಕೇಳುವ ಹಕ್ಕು ನಮಗಿದೆ, ಕಾಗದ ಕೇಳಿ ಪಡೆಯಲು ಮಾಹಿತಿ ಹಕ್ಕು ಕಾಯ್ದೆಯೂ ಇದೆ.

ಕರಾರಿನ ಒಂದು ಸಾಲು ಏನು ಮಾಡಬಲ್ಲದು ಎಂಬುದಕ್ಕೆ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಒಳ್ಳೆಯ ನಿದರ್ಶನ. 1993ರಲ್ಲಿ ಅಲ್ಲಿನ ನೀರು ಸರಬರಾಜು ಖಾಸಗಿಯಾಯಿತು. ಮೊದಲ ಕರಾರಿನಲ್ಲಿ ಹೊಸ ಸಂಪರ್ಕಕ್ಕೆ ಜಾಲ ವಿಸ್ತರಣೆಯ ಖರ್ಚನ್ನೆಲ್ಲ ಹೊಸ ಗ್ರಾಹಕನೇ ಹೊರಬೇಕಿತ್ತು. ಹೊಸ ಗ್ರಾಹಕ ಎಂದರೆ ಊರಂಚಿನ ಬಡವ. ಅವನಿಂದ ಅದು ಆಗಲಿಲ್ಲ. 1997ರಲ್ಲಿ ಕರಾರನ್ನು ತಿದ್ದಿ, ಆ ಖರ್ಚನ್ನು ಎಲ್ಲ ಗ್ರಾಹಕರ ಬಿಲ್ಲಿನ ಮೇಲೂ ಸಣ್ಣ ಸಣ್ಣ ಮೊತ್ತವಾಗಿ ಹಂಚಿದರು. ಅಲ್ಲಿನ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ನೀರು ಖಾಸಗಿಯಾದ ಪ್ರದೇಶಗಳಲ್ಲಿ ಮಕ್ಕಳ ಸಾವು ಸುಮಾರು ಶೇ 8ರಷ್ಟು, ಅತಿ ಬಡ ಪ್ರದೇಶಗಳಲ್ಲಿ ಶೇ 26ರಷ್ಟು ಇಳಿದದ್ದನ್ನು ತೋರಿಸಿತು. ಅದು ಜಾಲ ಬಡವರ ಕೇರಿ ತಲುಪಿದ್ದರ ಫಲ. ಆಮೇಲೆ ಆ ದೇಶದ ಹಣದ ಬೆಲೆ ಕುಸಿಯಿತು, ದರ ಏರಿಸುವ ಜಗಳ ನಡೆಯಿತು, 2006ರಲ್ಲಿ ಸರ್ಕಾರ ಕರಾರು ರದ್ದುಪಡಿಸಿತು.

ಬೊಲಿವಿಯಾದ ಕೊಚಬಾಂಬ ಇದರ ಇನ್ನೊಂದು ಮುಖ. ನೀರು ಖಾಸಗಿಯಾದ ಮೇಲೆ ದರ ಒಮ್ಮೆಲೇ ಏರಿತು, ಜನ ತಾವೇ ತೋಡಿಕೊಂಡ ಬಾವಿಗಳಿಗೂ ಪರವಾನಗಿ ಬೇಕಾದೀತು ಎಂಬ ಕಾನೂನು ಬಂತು. ಜನ ಬೀದಿಗಿಳಿದರು, 2000ದ ಏಪ್ರಿಲ್‌ನಲ್ಲಿ ಕಂಪನಿ ಜಾಗ ಖಾಲಿ ಮಾಡಿತು. ಹೋರಾಟದ ಚರಿತ್ರೆಯಲ್ಲಿ ಅದು ದೊಡ್ಡ ಗೆಲುವು, ನಾನೂ ಅದನ್ನು ಗೌರವದಿಂದ ನೆನೆಯುತ್ತೇನೆ. ಆದರೆ ನೀರು ಸಾರ್ವಜನಿಕರ ಕೈಗೆ ಮರಳಿದ ಎಷ್ಟೋ ವರ್ಷಗಳ ನಂತರವೂ ಆ ಊರಿನ ದಕ್ಷಿಣ ಭಾಗದ ಬಡ ಬಡಾವಣೆಗಳು ಟ್ಯಾಂಕರ್ ನೀರನ್ನೇ ಕೊಳ್ಳುತ್ತಿದ್ದವು. ಕಂಪನಿಯನ್ನು ಓಡಿಸಿದ ಮಾತ್ರಕ್ಕೆ ಕೊಳವೆ ಬರುವುದಿಲ್ಲ.

ಈಗ ಮೂರನೆಯ ವಿಷಯ, ಹಣ ಕಟ್ಟದಿದ್ದಾಗ ಏನು ಎಂಬುದು. ನಮ್ಮ ಕಡೆ ಬಾಕಿ ಇದ್ದರೆ ಲೈನ್‌ಮನ್ ಬರುತ್ತಾನೆ. ಮನೆಯಲ್ಲಿ ಅಜ್ಜಿ ಇದ್ದರೆ, 'ಶನಿವಾರ ಪಗಾರ ಬರುತ್ತದೆ ಕಣಪ್ಪಾ, ಎರಡು ದಿನ ತಡಿ' ಎನ್ನುತ್ತಾಳೆ. ಹಲವು ಸಲ ಅವನು ತಡೆಯುತ್ತಾನೆ. ಕಾನೂನೂ ಅವಳ ಪರವಾಗಿದೆ: ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಂ ಪ್ರಕಾರ ಸಂಪರ್ಕ ಕಡಿಯುವ ಮೊದಲು ಪೂರಾ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ ತಪ್ಪಾಗಿದೆ ಎಂದು ನೀವು ತಕರಾರು ಎತ್ತಿದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆ ಬರೆದು ಕಟ್ಟಿದರೆ ಸಂಪರ್ಕ ಕಡಿಯುವಂತಿಲ್ಲ. ಇದನ್ನು ಬರೆದುಕೊಳ್ಳಿ, ನಿಮ್ಮ ಓಣಿಯಲ್ಲಿ ಯಾರಿಗಾದರೂ ಬೇಕಾಗುತ್ತದೆ.

ದೇಶದಲ್ಲಿ ಈಗ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್‌ಗಳನ್ನು ಅಳವಡಿಸುವ ದೊಡ್ಡ ಕಾರ್ಯಕ್ರಮ ನಡೆಯುತ್ತಿದೆ. ಅದರಲ್ಲಿ ಹಣ ಮುಗಿದರೆ ಸಂಪರ್ಕ ದೂರದಿಂದಲೇ ನಿಲ್ಲುತ್ತದೆ. ಅಜ್ಜಿಯ ಮಾತು ಕೇಳಲು ಬಾಗಿಲಿಗೆ ಯಾರೂ ಬರುವುದಿಲ್ಲ. ಇದನ್ನು ನಮಗಿಂತ ಮೊದಲು ಕಂಡದ್ದು ಇಂಗ್ಲೆಂಡ್. 1989ರಲ್ಲಿ ಅಲ್ಲಿ ನೀರಿನ ಕಂಪನಿಗಳು ಖಾಸಗಿಯಾದವು. 1991-92ರ ಒಂದೇ ವರ್ಷದಲ್ಲಿ 21 ಸಾವಿರಕ್ಕೂ ಹೆಚ್ಚು ಮನೆಗಳ ನೀರನ್ನು ಬಾಕಿಗಾಗಿ ಕಡಿದರು. ಆಮೇಲೆ ಕಂಪನಿಗಳು ಮುಂಗಡ ಹಣದ ಯಂತ್ರಗಳನ್ನು ಮನೆಗಳಲ್ಲಿ ಕೂರಿಸಿದವು. ಹಣ ಮುಗಿದರೆ ನೀರು ತಾನಾಗಿ ನಿಲ್ಲುತ್ತಿತ್ತು, ಕಡಿತದ ಲೆಕ್ಕದಲ್ಲಿ ಅದು ಬರುತ್ತಲೇ ಇರಲಿಲ್ಲ. ಕೆಲವು ಸ್ಥಳೀಯ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. ನೋಟಿಸ್ ಕೊಟ್ಟು, ಕ್ರಮ ಪಾಲಿಸಿ ಮಾತ್ರ ಕಡಿಯಬೇಕೆಂಬ ಕಾನೂನನ್ನು ಈ ಯಂತ್ರ ಮುರಿಯುತ್ತದೆ ಎಂದು 1998ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷ ಬಂದ ಕಾಯ್ದೆ ಬಾಕಿಯ ಕಾರಣಕ್ಕೆ ವಾಸದ ಮನೆಯ ನೀರು ಕಡಿಯುವುದನ್ನೇ ನಿಷೇಧಿಸಿತು. ಕಂಪನಿಗಳು ಖಾಸಗಿಯಾಗಿಯೇ ಉಳಿದವು. ಕಾನೂನು ಮಾತ್ರ ಬದಲಾಯಿತು, ಬಡವರ ಮನೆಯಲ್ಲಿ ನೀರು ಉಳಿಯಿತು. ನಮ್ಮ 56ನೇ ಕಲಮಿನ 15 ದಿನಗಳು ಪ್ರಿಪೇಯ್ಡ್ ಮೀಟರಿನೊಳಗೆ ಎಲ್ಲಿ ಹೋಗುತ್ತವೆ ಎಂಬ ಪ್ರಶ್ನೆಯನ್ನು ನಾವು ಮೀಟರ್ ಬರುವ ಮೊದಲೇ ಕೇಳಬೇಕು.

ಕೇಳುವುದು ಎಲ್ಲಿ? ಪ್ರತಿ ವರ್ಷ ಸಾಮಾನ್ಯವಾಗಿ ನವೆಂಬರ್ ಕೊನೆಯ ಹೊತ್ತಿಗೆ ಜೆಸ್ಕಾಂ ತನ್ನ ಅರ್ಜಿಯನ್ನು ಆಯೋಗಕ್ಕೆ ಸಲ್ಲಿಸುತ್ತದೆ. ಅದರ ಸಾರಾಂಶ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ 30 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಆಮೇಲೆ ಆಯೋಗವೇ ಕಲಬುರಗಿಗೆ ಬಂದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಆ ಸಭಾಂಗಣದಲ್ಲಿ ನಾನು ಕುಳಿತಿದ್ದೇನೆ. ಕೈಗಾರಿಕೆಯವರು ಲೆಕ್ಕಪರಿಶೋಧಕರ ಜೊತೆ ಬರುತ್ತಾರೆ, ಅಂಕಿಅಂಶ ಇಟ್ಟು ಮಾತನಾಡುತ್ತಾರೆ. ಅದು ಅವರ ಹಕ್ಕು. ರೈತ ಸಂಘದವರು ಬರುತ್ತಾರೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ವಾರಗಟ್ಟಲೆ ಕಾಯಬೇಕಾದ ಸಂಕಟವನ್ನು ಹೇಳುತ್ತಾರೆ. ಬಾಡಿಗೆ ಮನೆಯವರ ಪರವಾಗಿ, ಗುಳೆ ಹೋದವರ ಪರವಾಗಿ, ಒಂದು ಬಲ್ಬಿನ ಮನೆಯವರ ಪರವಾಗಿ ಮಾತನಾಡುವ ಕುರ್ಚಿ ಖಾಲಿ ಇರುತ್ತದೆ. ದಿನಗೂಲಿ ಬಿಟ್ಟು ಅವರು ಬರಲಾರರು. ಬಂದರೂ ನೂರಾರು ಪುಟದ ಅರ್ಜಿಯನ್ನು ಓದಿ ವಾದಿಸುವುದು ಅವರಿಂದ ಆಗದು. ಆಯೋಗದ ಸದಸ್ಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ತಮ್ಮ ಮುಂದೆ ಬಂದ ವಾದವನ್ನೇ ಅವರು ತೂಗುತ್ತಾರೆ. ಬಾರದ ವಾದಕ್ಕೆ ತೂಕವಿಲ್ಲ.

ಈ ಸಭೆಯಲ್ಲಿ ಕಾಲೇಜಿನ ಅಧ್ಯಾಪಕರಿದ್ದೀರಿ, ವಕೀಲರಿದ್ದೀರಿ, ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿದ್ದೀರಿ, ಅರ್ಥಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳಿದ್ದೀರಿ. ಒಂದು ಕೆಲಸವನ್ನು ಹಂಚಿಕೊಳ್ಳೋಣ. ಒಂದೊಂದು ಓಣಿಯಲ್ಲಿ ಎಷ್ಟು ವಠಾರಗಳಿವೆ, ಒಂದು ಮೀಟರಿಗೆ ಎಷ್ಟು ಸಂಸಾರಗಳಿವೆ ಎಂಬುದನ್ನು ಬರೆದುಕೊಳ್ಳಿ. ಮಾಲೀಕರು ಬಾಡಿಗೆಯ ಜೊತೆ ಕರೆಂಟಿಗೆಂದು ಎಷ್ಟು ವಸೂಲು ಮಾಡುತ್ತಾರೆ ಎಂದು ಕೇಳಿ. ಆರು ತಿಂಗಳ ಬಿಲ್ಲುಗಳ ನಕಲು ತೆಗೆಸಿ. ಅರ್ಜಿ ಕೊಟ್ಟ ಒಂದು ತಿಂಗಳೊಳಗೆ ಸಂಪರ್ಕ ಕೊಡಬೇಕೆಂದು ಕಾಯ್ದೆಯ 43ನೇ ಕಲಂ ಹೇಳುತ್ತದೆ. ಪ್ರತ್ಯೇಕ ಮೀಟರ್ ಕೇಳಿದ ಬಾಡಿಗೆದಾರರಿಗೆ ಏನು ಉತ್ತರ ಸಿಕ್ಕಿತು ಎಂಬುದನ್ನು ದಿನಾಂಕ ಸಮೇತ ದಾಖಲಿಸಿ. ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯಬಹುದು, ವಕೀಲರ ಭಾಷೆ ಬೇಕಿಲ್ಲ. ಮೂರು ಬೇಡಿಕೆ ಸಾಕು. ಒಂದೇ ಮೀಟರಿನಲ್ಲಿ ಹಲವು ಸಂಸಾರಗಳಿದ್ದರೆ ಸಂಸಾರದ ಲೆಕ್ಕದಲ್ಲಿ ಮಿತಿ ನಿಗದಿಯಾಗಲಿ. ಮೊದಲ 50 ಯೂನಿಟ್‌ಗಾದರೂ ಕಡಿಮೆ ದರದ ಹಂತ ದರಪಟ್ಟಿಗೇ ಮರಳಿ ಬರಲಿ. ಪ್ರಿಪೇಯ್ಡ್ ಮೀಟರಿನಲ್ಲೂ 15 ದಿನಗಳ ನೋಟಿಸ್ ಉಳಿಯಲಿ.

ಆಕ್ಷೇಪಣೆಯ ಪ್ರತಿಯನ್ನು ಜೆಸ್ಕಾಂಗೂ ಕೊಡಬೇಕು, ಅದರ ಜೊತೆ ಪ್ರಮಾಣಪತ್ರ, ಅಂದರೆ ಅಫಿಡವಿಟ್ ಇರಬೇಕು, ವಿಚಾರಣೆಯಲ್ಲಿ ಮಾತನಾಡುವ ಇಚ್ಛೆ ಇದೆ ಎಂದು ಅದರಲ್ಲೇ ಬರೆಯಬೇಕು. ಹೇಗೆ ಬರೆಯುವುದು ಎಂದು ಗೊತ್ತಿಲ್ಲದವರು ಸಭೆ ಮುಗಿದ ಮೇಲೆ ಇಲ್ಲೇ ಉಳಿಯಿರಿ, ಮೊದಲ ಕರಡನ್ನು ಕುಳಿತು ಒಟ್ಟಿಗೆ ಬರೆಯೋಣ. ವಠಾರದಲ್ಲಿ ಇರುವವರು ಇದ್ದರೆ ನಿಮ್ಮ ಕಳೆದ ತಿಂಗಳ ಬಿಲ್ಲನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಲೆಕ್ಕ ಅಲ್ಲಿಂದಲೇ ಶುರುವಾಗಲಿ.